ಮುಳ್ಳು ಮುಟ್ಟಬೇಕು

ಭಾನುವಾರ ನನ್ನ ಅಂಗಡಿ ಅರ್ಧ ಬಾಗಿಲು. ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯೊಂದರಲ್ಲಿ, ಎರಡು ಕುರ್ಚಿ ಹಾಕಿದರೆ ಮೂರನೆಯವರು ನಿಂತೇ ಇರಬೇಕಾದಷ್ಟು ಜಾಗ. ಅವತ್ತು ರಿಪೇರಿ ಕೆಲಸ ಮುಟ್ಟುವುದಿಲ್ಲ. ವಾಚಿನ ಹುಚ್ಚಿರುವ ನಾಲ್ಕೈದು ಜನ ಬಂದು ಸೇರುತ್ತಾರೆ. ಯಾರು ಹೊಸ ವಾಚು ಕಟ್ಟಿಕೊಂಡು ಬರುತ್ತಾರೋ ಟೀ ಖರ್ಚು ಅವರದು.

ಹೋದ ವಾರ ಟೀ ಕೊಡಿಸಿದ್ದು ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ. ನೀಲಿ ಡಯಲ್, ಕನ್ನಡಿಯಂತೆ ಹೊಳೆಯುವ ಸ್ಟೀಲ್ ಮುಳ್ಳು, 42 ಮಿಲಿಮೀಟರ್ ಕೇಸ್, ಅಂದರೆ ವಾಚಿನ ಹೊರಕವಚ. "ಹೆಂಗಿದೆ ಅಣ್ಣಾ?" ಅಂತ ಕೈ ಚಾಚಿದ. ಪಕ್ಕದಲ್ಲಿ ಎಚ್‌ಎಂಟಿ ವಾಚು ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದ ಯಜಮಾನರು ಕೂತಿದ್ದರು. ಕನ್ನಡಕ ಸರಿಮಾಡಿಕೊಂಡು ನೋಡಿ, "ಚೆನ್ನಾಗೈತೆ ಮರಿ. ಟೈಮ್ ಎಷ್ಟು ಹೇಳು" ಅಂದರು. ಹುಡುಗ ನೋಡಿದ. ಮಣಿಕಟ್ಟು ಸ್ವಲ್ಪ ವಾಲಿಸಿದ. ಬಾಗಿಲಿಗೆ ಬೆನ್ನು ಮಾಡಿ ಇನ್ನೊಮ್ಮೆ ನೋಡಿದ. ಅಷ್ಟು ಹೊತ್ತಿಗೆ ಯಜಮಾನರು ನಗಲು ಶುರುಮಾಡಿದ್ದರು.

ವಾಚಿನಲ್ಲಿ ದೋಷ ಏನೂ ಇರಲಿಲ್ಲ. ಆ ಥರದ ಡಯಲ್‌ಗೆ ಸನ್‌ಬರ್ಸ್ಟ್ ಅನ್ನುತ್ತಾರೆ. ಹಿತ್ತಾಳೆ ಬಿಲ್ಲೆಯನ್ನು ತಿರುಗಿಸುತ್ತಾ ಬ್ರಷ್ ಹಿಡಿದು, ನಡುವಿನಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ ಎಳೆಯುತ್ತಾರೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಲ್ಯಾಕರ್ ಅನ್ನುವ ಪಾರದರ್ಶಕ ಲೇಪ. ಬೆಳಕು ಬಿದ್ದ ಕಡೆ ಒಂದು ಪಟ್ಟೆ ಹೊಳೆಯುತ್ತದೆ, ಕೈ ಅಲ್ಲಾಡಿಸಿದರೆ ಪಟ್ಟೆಯೂ ತಿರುಗುತ್ತದೆ. ನೋಡಲು ಬಲು ಚೆಂದ. ಆದರೆ ಮುಳ್ಳೂ ಅದೇ ಬೆಳಕಿಗೆ ಹೊಳೆದರೆ ಎರಡೂ ಒಂದಾಗಿಬಿಡುತ್ತವೆ. ಇದಕ್ಕೆ ಹಳೆಯ ಉಪಾಯ ಒಂದಿದೆ. ಮುಳ್ಳಿನ ನಡುವೆ ಏಣು ಮಾಡಿ, ಎರಡು ಬದಿಗೂ ಇಳಿಜಾರು ಕೊಡುವುದು. ಒಂದು ಬದಿ ಹೊಳೆಯುವಾಗ ಇನ್ನೊಂದು ಬದಿ ಕಪ್ಪಾಗಿ ಕಾಣುತ್ತದೆ. ಈ ಹುಡುಗನ ವಾಚಿನ ಮುಳ್ಳು ಮಾತ್ರ ಚಪ್ಪಟೆ ತಗಡು.

ನಾನು ಡಯಲ್ ನೋಡುವಾಗ ಬಣ್ಣಕ್ಕಿಂತ ಮೊದಲು ನೋಡುವುದು ನಿಮಿಷದ ಮುಳ್ಳನ್ನ. ಅದು ಅಂಚಿನ ನಿಮಿಷದ ಗೆರೆಗಳನ್ನು ಮುಟ್ಟಬೇಕು. ಕನಿಷ್ಠ ಮುಟ್ಟಿದ ಹಾಗೆ ಕಾಣಬೇಕು. ಗಂಟೆ ಮುಳ್ಳು ಅಂಕಿಯ ಹತ್ತಿರ ಹೋಗಿ ನಿಂತರೆ ಸಾಕು. ನಿಮಿಷದ ಮುಳ್ಳು ಗೆರೆಗಿಂತ ಎರಡು ಮಿಲಿಮೀಟರ್ ಒಳಗೇ ನಿಂತರೆ, ಅದು 22 ತೋರಿಸುತ್ತಿದೆಯೋ 23 ತೋರಿಸುತ್ತಿದೆಯೋ ಅಂತ ಕಣ್ಣು ಅಂದಾಜು ಹಾಕಬೇಕು. ಕೇಸ್ ದೊಡ್ಡದು ಮಾಡಿ, ಮುಳ್ಳು ಮಾತ್ರ ಚಿಕ್ಕ ಮಾಡೆಲ್‌ನದ್ದೇ ಹಾಕಿದರೆ ಹೀಗಾಗುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಗಲದ ಡಯಲ್, ಅದರ ಮೇಲೆ ಕಡ್ಡಿಪೆಟ್ಟಿಗೆಯ ಕಡ್ಡಿ.

ಮುಳ್ಳಿನ ಮಾತು ಬಂದಾಗ ಯಜಮಾನರು ಎಚ್‌ಎಂಟಿಯ ಬ್ರೈಲ್ ವಾಚನ್ನು ನೆನಪಿಸಿದರು. ಕಣ್ಣು ಕಾಣದವರಿಗಾಗಿ ಮಾಡಿದ್ದು. ಗಾಜಿನ ಮುಚ್ಚಳ ತೆರೆದು, ಬೆರಳಲ್ಲಿ ಮುಳ್ಳು ತಡವಿ, ಡಯಲ್ ಮೇಲಿನ ಉಬ್ಬು ಚುಕ್ಕೆಗಳಿಂದ ಟೈಮ್ ತಿಳಿಯುವುದು. ಅಲ್ಲಿ ಬಣ್ಣದ ಆಟ ನಡೆಯುವುದಿಲ್ಲ. ಯಾವುದು ಉದ್ದ, ಯಾವುದು ಗಿಡ್ಡ, ಯಾವ ಚುಕ್ಕೆಯ ಎದುರಿಗಿದೆ, ಇಷ್ಟೇ. "ಕಣ್ಣಿರೋರ ವಾಚೂ ಅಷ್ಟು ನೆಟ್ಟಗೆ ಮಾಡಿದ್ರೆ ಆಗ್ತಿತ್ತು" ಅಂದರು.

ಹುಡುಗನಿಗೆ ಎಚ್‌ಎಂಟಿ ಅಂದರೆ ತಾತನ ಪೆಟ್ಟಿಗೆಯಲ್ಲಿ ಸಿಗುವ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ಶುರುವಾದ ವಾಚಿನ ಕೆಲಸ 1978ರಲ್ಲಿ ನಮ್ಮೂರಿಗೂ ಬಂತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಫ್ಯಾಕ್ಟರಿ ಜಾಗ ಈಗ ಇಸ್ರೋ ಕೈಯಲ್ಲಿದೆ. ಆ ವಾಚುಗಳು ಮಾತ್ರ ಇನ್ನೂ ನನ್ನ ಮೇಜಿಗೆ ಬರುತ್ತವೆ. ಜನತಾ: ಬಿಳಿ ಡಯಲ್, ಕಪ್ಪು ಅಂಕಿ. ಪೈಲಟ್: ಕಪ್ಪು ಡಯಲ್, ಬಿಳಿ ಅಂಕಿ. ಎರಡರಲ್ಲೂ ಕೀ ಕೊಡುವ 17 ಜುವೆಲ್ಸ್ ಮಷೀನು; ಜುವೆಲ್ಸ್ ಅಂದರೆ ಚಕ್ರಗಳು ಸಲೀಸಾಗಿ ತಿರುಗಲಿ ಅಂತ ಕೂರಿಸಿದ ಪುಟ್ಟ ಹರಳು. ಬಸ್ಸಿನ ಕುಲುಕಾಟದಲ್ಲೂ ಒಂದು ಸಲ ನೋಡಿದರೆ ಟೈಮ್ ಗೊತ್ತಾಗುತ್ತದೆ. ಹಳೆಯದು ಅನ್ನುವ ಪ್ರೀತಿಗೆ ಹೇಳುತ್ತಿಲ್ಲ. ಅವುಗಳ ಬೆಲ್ಟ್ ಹಾಕುವ ಜಾಗ ಕೆಲವು ಸಲ ಕೋಪ ಬರಿಸುವಷ್ಟು ಇಕ್ಕಟ್ಟು.

ಇವತ್ತು ಆನ್‌ಲೈನಲ್ಲಿ ಸಿಗುವ ಪೈಲಟ್‌ಗಳಲ್ಲಿ ಹಸಿರು, ಕಿತ್ತಳೆ, ಗುಲಾಬಿ ಎಲ್ಲ ಇದೆ. ತುಂಬಾ ಕಡೆ ಅದು ಹಳೆಯ ಡಯಲ್ ಉಜ್ಜಿ ಹೊಸದಾಗಿ ಪೇಂಟ್ ಹೊಡೆದದ್ದು. ಒಳಗಿನ ಮಷೀನು ಅಸಲಿಯೇ ಇರಬಹುದು, ಮುಖ ಮಾತ್ರ ಬೇರೆ. ಗೊತ್ತಾಗಬೇಕಾದರೆ ಭೂತಗಾಜು ಹಿಡಿದು ಅಕ್ಷರದ ಅಂಚು ನೋಡಿ. ಫ್ಯಾಕ್ಟರಿಯಲ್ಲಿ ಅಚ್ಚು ಕೊರೆದ ಪ್ಲೇಟಿನಿಂದ ಮೆತ್ತನೆಯ ಸಿಲಿಕೋನ್ ಗುಂಡಿಗೆ ಇಂಕು ಹತ್ತಿಸಿ, ಅದನ್ನು ಡಯಲ್ ಮೇಲೆ ಒತ್ತುತ್ತಾರೆ. ಹಾಗೆ ಬಿದ್ದ ಅಕ್ಷರದ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗಿರುತ್ತದೆ. ಅಗ್ಗದ ಪೇಂಟಿನಲ್ಲಿ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ.

ಡಯಲ್ ಮೇಲಿನ ಅಕ್ಷರ ಎಷ್ಟು ನಾಜೂಕು ಅಂತ ನಾನು ಕಲಿತದ್ದು ನಾಚಿಕೆಯ ರೀತಿಯಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಿರಾಕಿಯೊಬ್ಬರ ಮದುವೆ ವಾಚಿನ ಡಯಲ್ ಮೇಲೆ ಮಚ್ಚೆಯಂಥ ಕಲೆ ಇತ್ತು. ಒಳ್ಳೆಯದು ಮಾಡೋಣ ಅಂತ ಹತ್ತಿ ಒದ್ದೆ ಮಾಡಿ ಒಂದೇ ಸಲ ಒರೆಸಿದೆ. ಕಲೆ ಹಾಗೇ ಉಳಿಯಿತು. ಕಂಪನಿ ಹೆಸರಿನ ಅರ್ಧ ಹತ್ತಿಗೆ ಬಂದಿತ್ತು. ಅವತ್ತಿನಿಂದ ಡಯಲ್‌ಗೆ ಗಾಳಿ ಊದುವ ರಬ್ಬರ್ ಬುಡ್ಡೆ ಬಿಟ್ಟು ಬೇರೇನೂ ತಾಗಿಸುವುದಿಲ್ಲ. ಇನ್ನೊಂದು ಮಾತು. ಬಹಳ ಹಳೆಯ ವಿದೇಶಿ ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಅನ್ನುವ ವಿಕಿರಣ ಸೂಸುವ ವಸ್ತು ಹಚ್ಚುತ್ತಿದ್ದರು. ಈಗ ಹೊಳೆಯುವುದಿಲ್ಲ, ಆದರೆ ರೇಡಿಯಂ ಹೋಗಿಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂಥದ್ದನ್ನು ಮನೆಯಲ್ಲಿ ಬಿಚ್ಚಿ ಕೆರೆಯಬೇಡಿ. ಈಗಿನ ಬಹುತೇಕ ವಾಚುಗಳ ಹೊಳಪು ಬೇರೆ ವಸ್ತು, ಬೆಳಕು ಕುಡಿದು ಕತ್ತಲಲ್ಲಿ ಬಿಡುತ್ತದೆ, ಭಯ ಇಲ್ಲ.

ಹೊಸದು ಕೊಳ್ಳುವವರಿಗೆ ಒಂದು ಕಿವಿಮಾತು. ಜಾಹೀರಾತಿನಲ್ಲಿ ಎಲ್ಲ ವಾಚೂ ಹತ್ತು ಗಂಟೆ ಹತ್ತು ನಿಮಿಷದ ಆಸುಪಾಸು ತೋರಿಸುತ್ತವೆ. ಹನ್ನೆರಡರ ಕೆಳಗಿನ ಹೆಸರಿಗೆ ಎರಡು ಮುಳ್ಳೂ ತೋರಣ ಕಟ್ಟಿದ ಹಾಗಿರುತ್ತವೆ, ಮೂರರ ಹತ್ತಿರದ ತಾರೀಕೂ ಕಾಣುತ್ತದೆ. ಅಂಗಡಿಯಲ್ಲಿ ಕೇಳಿ ಮುಳ್ಳು ತಿರುಗಿಸಿ. ಮೂರೂ ಕಾಲಿಗೆ ತಂದು ನೋಡಿ, ಒಂದರ ಮೇಲೊಂದು ಬಂದಾಗಲೂ ಗುರುತು ಸಿಗುತ್ತದಾ? ತಾರೀಕಿನ ಕಿಟಕಿಯನ್ನೂ ನೋಡಿ. ಅದು ಅಂಚಿನಿಂದ ದೂರ, ನಡುವಿನ ಕಡೆ ತೇಲಿ ಬಂದಿದ್ದರೆ ಒಳಗೆ ಸಣ್ಣ ಮಷೀನು, ಹೊರಗೆ ದೊಡ್ಡ ಕೇಸ್ ಅಂತ ಅರ್ಥ. ತಾರೀಕಿನ ಚಕ್ರ ಮಷೀನಿನ ಅಂಚಿನಲ್ಲಿ ಕೂರುತ್ತದೆ, ಕಿಟಕಿ ಅದರ ಮೇಲೇ ಬರಬೇಕು, ಬೇರೆ ದಾರಿ ಇಲ್ಲ.

ಟೀ ಮುಗಿದ ಮೇಲೆ ಹುಡುಗ ಅಸಲು ವಿಷಯಕ್ಕೆ ಬಂದ. ಅವನಿಗೆ ಕನ್ನಡ ಅಂಕಿಯ ಡಯಲ್ ಬೇಕಂತೆ. ಹಳೆಯ ಕೇಸ್ ಕೊಟ್ಟರೆ ತಾನೇ ಬರೆದು ತರುತ್ತಾನಂತೆ. ಕಾಗದದ ಮೇಲೆ ಬರೆದು ನೋಡೋಣ ಅಂತ ಅಲ್ಲೇ ಕೂತೆವು. 29 ಮಿಲಿಮೀಟರಿನ ವೃತ್ತ. ಒಂದರಿಂದ ಒಂಬತ್ತರವರೆಗೆ ತಕರಾರಿಲ್ಲ. ಹತ್ತಕ್ಕೆ ಬಂದಾಗ ಸಿಕ್ಕಿಹಾಕಿಕೊಂಡೆವು. ಇಂಗ್ಲಿಷ್ ಅಂಕಿಯ 1 ಒಂದು ಕಡ್ಡಿ. ಅದಕ್ಕೇ 10, 11, 12 ಸುಲಭವಾಗಿ ಕೂರುತ್ತವೆ. ನಮ್ಮ ೧ ಹಾಗಲ್ಲ, ೫ರಷ್ಟೇ ಹೊಟ್ಟೆ ಅದಕ್ಕೂ ಇದೆ. ೧೦, ೧೧, ೧೨ ಅಂದರೆ ಪೂರ್ತಿ ಎರಡು ಅಂಕಿ ಜಾಗ. ಹಾಗೇ ಬರೆದರೆ ಮೂರೂ ಒಟ್ಟಿಗೆ ನೂಕಾಡುತ್ತವೆ. ಕುಗ್ಗಿಸಿದರೆ ೧೦ ಯಾವುದು, ೧೧ ಯಾವುದು ಅಂತ ಗೊತ್ತಾಗುವುದಿಲ್ಲ. ಸೊನ್ನೆಗೂ ಒಂದಕ್ಕೂ ಇರುವ ವ್ಯತ್ಯಾಸ ಸಣ್ಣದೊಂದು ಬಾಯಿ ಅಷ್ಟೇ ಅಲ್ವಾ.

ಹುಡುಗ ರೋಮನ್ ಅಂಕಿಯ ಗಡಿಯಾರಗಳನ್ನು ನೆನಪು ಮಾಡಿಕೊಂಡ. ತುಂಬಾ ಡಯಲ್‌ಗಳಲ್ಲಿ ನಾಲ್ಕನ್ನು ನಾಲ್ಕು ಕಡ್ಡಿಯಾಗಿ (IIII) ಬರೆಯುತ್ತಾರೆ, ಎದುರಿನ ಎಂಟರ (VIII) ಭಾರಕ್ಕೆ ಸರಿದೂಗಲಿ ಅಂತ ಅನ್ನುವ ಮಾತಿದೆ. ಲಂಡನ್ನಿನ ಬಿಗ್ ಬೆನ್ ಹಾಗಿಲ್ಲ, ಅಲ್ಲಿ ಪುಸ್ತಕದ ನಾಲ್ಕೇ (IV) ಇದೆ. ಡಯಲ್‌ಗಾಗಿ ಅವರು ಅಂಕಿಯನ್ನೇ ಬದಲಿಸಿಕೊಂಡರಲ್ಲ, ನಾವು ಯಾಕೆ ಬದಲಿಸಬಾರದು ಅಂತ ಅವನ ವಾದ. ಯಜಮಾನರು ಒಪ್ಪಲಿಲ್ಲ. "೧ನ್ನ ಕಡ್ಡಿ ಮಾಡಿದ್ರೆ ಅದು ಕನ್ನಡ ಹೆಂಗಾಯ್ತದೆ?"

ಕೊನೆಗೆ ೧೨, ೩, ೬, ೯ ನಾಲ್ಕೇ ಅಂಕಿ, ಉಳಿದ ಕಡೆ ಕಡ್ಡಿ ಅಂತ ಒಪ್ಪಂದವಾಯಿತು. ೬ ಮತ್ತು ೯ ದೂರದಿಂದ ಅಣ್ಣತಮ್ಮಂದಿರ ಥರ ಕಾಣುತ್ತವೆ ನಿಜ. ಆದರೆ ಆರು ಎಲ್ಲಿರುತ್ತದೆ ಅಂತ ಯಾರೂ ಓದಿ ತಿಳಿಯುವುದಿಲ್ಲ. ಕಾಗದ ಕತ್ತರಿಸಿ, ನಡುವೆ ತೂತು ಮಾಡಿ, ಒಂದು ಹಳೆಯ ಜನತಾ ಮಷೀನಿನ ಮೇಲೆ ಕೂರಿಸಿ ಮುಳ್ಳು ಹಾಕಿದೆ. ಹುಡುಗ ಫೋಟೋ ತೆಗೆದುಕೊಂಡ. ಯಜಮಾನರು ಬಗ್ಗಿ ನೋಡಿ, "ನಿಮಿಷದ ಮುಳ್ಳು ಗೆರೆ ಮುಟ್ಟಲ್ಲ" ಅಂದರು. ನಿಜ, ಅರ್ಧ ಮಿಲಿಮೀಟರ್ ಕಮ್ಮಿ. ಗೆರೆಗಳನ್ನು ಒಳಗೆ ತಂದು ಇನ್ನೊಂದು ಬರೆದು ತರುತ್ತೇನೆ ಅಂತ ಹುಡುಗ ಹೋಗಿದ್ದಾನೆ. ಅಲ್ಲಿಯವರೆಗೆ ಆ ಕಾಗದದ ಡಯಲ್ ನನ್ನ ಮೇಜಿನ ಮೇಲೆ ಓಡುತ್ತಿದೆ, ದಿನಕ್ಕೊಂದು ಸಲ ಕೀ ಕೊಡುತ್ತಿದ್ದೇನೆ.