ನಲ್ಲಿ, ಬೀಗದ ಕೈ, ಹುಲ್ಲು ಕತ್ತರಿಸುವ ಗುತ್ತಿಗೆ

ಎಸ್ಟೇಟ್ ಅಂದರೆ ನಮ್ಮ ಕಡೆ ಕಾಫಿ ತೋಟ. ಇಂಗ್ಲೆಂಡಿನಲ್ಲಿ ಕೌನ್ಸಿಲ್ಲೋ (ಸ್ಥಳೀಯ ಆಡಳಿತ) ಹೌಸಿಂಗ್ ಅಸೋಸಿಯೇಷನ್ನೋ (ಲಾಭಕ್ಕಾಗಿ ನಡೆಯದ ವಸತಿ ಸಂಸ್ಥೆ) ಮಾರುಕಟ್ಟೆಗಿಂತ ಕಡಿಮೆ ಬಾಡಿಗೆಗೆ ಕೊಟ್ಟ ಮನೆಗಳ ಗುಂಪಿಗೂ ಎಸ್ಟೇಟ್ ಎಂದೇ ಹೆಸರು. ಅಂಥ ಮನೆಗಳು ಆ ದೇಶದಲ್ಲಿ ಸುಮಾರು 40 ಲಕ್ಷ ಇವೆ. ಹೆಚ್ಚುಕಡಿಮೆ ಆರು ಕುಟುಂಬಗಳಲ್ಲಿ ಒಂದು ಅಲ್ಲಿ ವಾಸ. ಮನೆ ಕೊಟ್ಟ ಸಂಸ್ಥೆ ಮತ್ತು ಬಾಡಿಗೆದಾರರು ಜೊತೆಗೂಡಿ ಮಾಡುವ ಕೆಲಸಗಳಲ್ಲಿ ಪದೇ ಪದೇ ಕಾಣುವುದು ಅಂಗಳದ ತರಕಾರಿ ತೋಟ. ಉದ್ಘಾಟನೆಯ ದಿನ ಫೋಟೊ ಚೆನ್ನಾಗಿ ಬರುತ್ತದೆ. ಎರಡನೇ ಬೇಸಿಗೆಯ ಹೊತ್ತಿಗೆ ಮಡಿಯ ತುಂಬ ಕಳೆ. ‘ನಿವಾಸಿಗಳಲ್ಲಿ ಆಸಕ್ತಿ ಕುಂದಿತು’ ಎಂದು ವರದಿ ಬರೆದು ಕಡತ ಮುಚ್ಚುತ್ತಾರೆ.

ಆ ಷರಾ ಬಹುತೇಕ ಸಲ ತಪ್ಪು. ಯಾಕೆ ನಿಂತಿತು ಎಂದು ಬೆನ್ನುಹತ್ತಿ ಹೋದರೆ ಸಿಗುವುದು ನೀರಿಲ್ಲದ ಒಂದು ನಲ್ಲಿ, ಬೇರೆಯವರ ಜೇಬಿನಲ್ಲಿರುವ ಒಂದು ಬೀಗದ ಕೈ, ಇಲ್ಲವೇ ಯಾರೂ ತಿದ್ದದ ಹುಲ್ಲು ಕತ್ತರಿಸುವ ಗುತ್ತಿಗೆ. ಮೂರೂ ಮಾಲೀಕ ಸಂಸ್ಥೆಯ ಹತೋಟಿಯಲ್ಲಿರುವಂಥವು.

ಬಾಡಿಗೆದಾರರ ಮಾತು ಕೇಳಬೇಕೆಂದು ಅಲ್ಲಿ ಕಾನೂನೇ ಹೇಳುತ್ತದೆ. 1985ರ ವಸತಿ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ, ಮನೆಗಳ ನಿರ್ವಹಣೆಯಲ್ಲಿ ದೊಡ್ಡ ಬದಲಾವಣೆ ಮಾಡುವಾಗ ಕೌನ್ಸಿಲ್ ತನ್ನ ಬಾಡಿಗೆದಾರರ ಅಭಿಪ್ರಾಯ ಪಡೆಯಲೇಬೇಕು. 2023ರ ಸಾಮಾಜಿಕ ವಸತಿ ನಿಯಂತ್ರಣ ಕಾಯ್ದೆ ಇದಕ್ಕೆ ಹಲ್ಲು ಕೊಟ್ಟಿತು. 2024ರ ಏಪ್ರಿಲ್ 1ರಿಂದ ಹೊಸ ಮಾನದಂಡಗಳು ಜಾರಿಯಲ್ಲಿವೆ. ಸಾವಿರ ಮನೆಗಿಂತ ದೊಡ್ಡ ಸಂಸ್ಥೆಗಳಿಗೆ ನಾಲ್ಕು ವರ್ಷಕ್ಕೊಮ್ಮೆ ತಪಾಸಣೆ, ಸಿ1ರಿಂದ (ಎಲ್ಲಕ್ಕಿಂತ ಒಳ್ಳೆಯದು) ಸಿ4ರವರೆಗೆ ದರ್ಜೆ. ತೃಪ್ತಿ ಅಳೆಯುವ 22 ಅಳತೆಗೋಲುಗಳಲ್ಲಿ 12 ಬಾಡಿಗೆದಾರರ ಬಾಯಿಂದಲೇ ಬರಬೇಕು. ಇದೆಲ್ಲದರ ಹಿಂದೆ 2017ರ ಜೂನ್ 14 ಇದೆ. ಆ ದಿನ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಮಂದಿ ಸತ್ತರು. ಬೆಂಕಿಯ ಅಪಾಯವಿದೆ ಎಂದು ನಿವಾಸಿಗಳು ಮೊದಲೇ ಬರೆದಿದ್ದರು. ಆ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯ ಹೆಸರಿನಲ್ಲೇ ‘ಬಾಡಿಗೆದಾರರ ನಿರ್ವಹಣಾ ಸಂಸ್ಥೆ’ ಎಂದಿತ್ತು. ಹೆಸರಿನ ಪಾಲುದಾರಿಕೆ ಎಷ್ಟು ದೂರ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ಬೇಕಿಲ್ಲ.

ತೋಟಕ್ಕೆ ಬರೋಣ. ಮೊದಲ ತಪ್ಪು ಪ್ರಶ್ನೆಯಲ್ಲೇ ಇರುತ್ತದೆ. ‘ಇಲ್ಲೊಂದು ತೋಟ ಬೇಕೆ?’ ಎಂದರೆ ಬೇಡ ಎನ್ನುವವರು ಯಾರು? ಬಾಗಿಲು ತಟ್ಟಿದಾಗ ಕೇಳಬೇಕಾದ್ದು: ‘ನಿಮಗೆ ಯಾವ ವಾರ ಬಿಡುವು? ಎಷ್ಟು ಹೊತ್ತಿಗೆ ನೀರು ಹಾಕಲು ಇಳಿದು ಬರಬಲ್ಲಿರಿ?’ ವಾರವನ್ನೂ ಹೊತ್ತನ್ನೂ ಹೇಳಿದವರನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಎರಡು ಸುತ್ತು ಹೋಗಬೇಕು: ಒಂದು ಕೆಲಸದ ದಿನ ಸಂಜೆ, ಐದರಿಂದ ಏಳರೊಳಗೆ, ಇನ್ನೊಂದು ಶನಿವಾರ ಬೆಳಗ್ಗೆ. ಕಚೇರಿ ಸಮಯದಲ್ಲಿ ಹೋದರೆ ನಿವೃತ್ತರು ಮತ್ತು ಕೈಮಗುವಿನ ತಾಯಂದಿರು ಮಾತ್ರ ಸಿಗುತ್ತಾರೆ, ಪಟ್ಟಿಯೂ ಹಾಗೇ ವಾಲುತ್ತದೆ. ಆ ಜಾಗಕ್ಕೆ ಕಿಟಕಿ ತೆರೆಯುವ ನೆಲಮಹಡಿಯ ಮನೆಗಳನ್ನು ಎಲ್ಲರಿಗಿಂತ ಮೊದಲು ತಟ್ಟಿ. ಬೆಂಚು ಹಾಕಿದರೆ ರಾತ್ರಿ ಹುಡುಗರು ಬಂದು ಕೂರುತ್ತಾರೆ ಎಂಬ ಹೆದರಿಕೆ ಅವರದ್ದು. ಅವರು ಸಭೆಗೆ ಬರುವುದಿಲ್ಲ, ದೂರು ಮಾತ್ರ ಬರುತ್ತದೆ.

ಕರಪತ್ರದ ಅನುವಾದದ ಬಗ್ಗೆ ಒಂದು ಮಾತು. ಪೂರ್ವ ಲಂಡನ್ನಿನ ಎಸ್ಟೇಟುಗಳಲ್ಲಿ ಬಂಗಾಳಿಯಲ್ಲಿ ಅಚ್ಚು ಹಾಕಿಸಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಆ ಮನೆಗಳ ಹಿರಿಯ ಹೆಂಗಸರು ಆಡುವುದು ಸಿಲೆಟಿ. ಅದು ಬರೆಯುವುದಕ್ಕಿಂತ ಆಡುವ ನುಡಿ. ಕಾಗದಕ್ಕೆ ಸುರಿದ ದುಡ್ಡಿನಲ್ಲಿ ಆ ಮಾತು ಬಲ್ಲ ಒಬ್ಬರನ್ನು ಎರಡು ಸಂಜೆ ಬಾಗಿಲಿಂದ ಬಾಗಿಲಿಗೆ ಕಳಿಸಬಹುದು. ಅಂದಹಾಗೆ, ಇಂಥ ತೋಟಗಳಲ್ಲಿ ಎಲ್ಲರಿಗಿಂತ ಬಲ್ಲವರು ಹೆಚ್ಚಾಗಿ ಈ ಹೆಂಗಸರೇ. ಏಪ್ರಿಲ್ ನಡುವೆ ಕಿಟಕಿಯ ಅಂಚಿನಲ್ಲಿ ಸೋರೆ ಬೀಜ ಮೊಳೆಸಿ, ಇಬ್ಬನಿ ಹೆಪ್ಪುಗಟ್ಟುವ ಭಯ ಕಳೆದ ಮೇಲೆ, ಅಂದರೆ ಮೇ ಕೊನೆಗೆ, ಹೊರಗೆ ನೆಟ್ಟು ಚಪ್ಪರಕ್ಕೆ ಹಬ್ಬಿಸುತ್ತಾರೆ. ಮೆಂತ್ಯ ಸಲೀಸು. ಕೊತ್ತಂಬರಿ ಜೂನಿನ ದೀರ್ಘ ಹಗಲಿಗೆ ಬೇಗ ಹೂ ಬಿಟ್ಟುಬಿಡುತ್ತದೆ. ಎರಡು ಮೂರು ವಾರಕ್ಕೊಮ್ಮೆ ಹೊಸದಾಗಿ ಬಿತ್ತುತ್ತಿರಬೇಕು.

ಯಾವುದು ಎಲ್ಲಿ ಬರಬೇಕೆಂದು ತೀರ್ಮಾನಿಸಲು ಕುರ್ಚಿ ಸಾಲು ಹಾಕಿ ಮೈಕ್ ಹಿಡಿಯಬೇಡಿ. 1970ರ ದಶಕದಲ್ಲಿ ಟೋನಿ ಗಿಬ್ಸನ್ ರೂಪಿಸಿದ ‘ಪ್ಲಾನಿಂಗ್ ಫಾರ್ ರಿಯಲ್’ ವಿಧಾನ ಇನ್ನೂ ಕೆಲಸಕ್ಕೆ ಬರುತ್ತದೆ. ರಟ್ಟು, ಥರ್ಮಾಕೋಲಿನಲ್ಲಿ ಎಸ್ಟೇಟಿನ ಮಾದರಿ ಮಾಡಿ ಮೇಜಿನ ಮೇಲಿಡುವುದು; ಬೆಂಚು, ಮಡಿ, ದೀಪ, ಸೈಕಲ್ ನಿಲ್ದಾಣ ಎಂದು ಬರೆದ ಚೀಟಿಗಳನ್ನು ಜನ ತಾವೇ ಬೇಕಾದ ಕಡೆ ಇಡುವುದು. ಆಮೇಲೆ ಆ ಚೀಟಿಗಳನ್ನು ‘ಈಗ, ಸ್ವಲ್ಪ ದಿನಕ್ಕೆ, ಮುಂದೆ’ ಎಂದು ವಿಂಗಡಿಸುವುದು. ಎಲ್ಲರ ಕಣ್ಣೂ ಮೇಜಿನ ಮೇಲಿರುವುದರಿಂದ ಜಗಳ ಮುಖಾಮುಖಿ ಆಗುವುದಿಲ್ಲ, ಸಭೆಯಲ್ಲಿ ಬಾಯಿ ಬಿಡದವರ ಚೀಟಿಯೂ ಬೀಳುತ್ತದೆ. ಮಾದರಿಯಲ್ಲಿ ನೆಲದಡಿಯ ಗ್ಯಾಸ್ ಕೊಳವೆ, ವಿದ್ಯುತ್ ಕೇಬಲ್, ಅಗ್ನಿಶಾಮಕ ವಾಹನದ ದಾರಿ ಮೊದಲೇ ಕೆಂಪು ಬಣ್ಣದಲ್ಲಿ ಗುರುತಾಗಿರಲಿ. ಆ ವಾಹನಕ್ಕೆ 3.7 ಮೀಟರ್ ಅಗಲ ಬಿಡಬೇಕೆಂಬ ಮಾತನ್ನು ಜನ ಚೀಟಿ ಇಟ್ಟಾದ ಮೇಲೆ ಎತ್ತಿದರೆ, ‘ಕೇಳಿದ್ದೇ ನಾಟಕ’ ಎಂದು ಅವರು ಅಂದುಕೊಳ್ಳುವುದರಲ್ಲಿ ತಪ್ಪಿಲ್ಲ.

ಹಳೆಯ ಕಾರ್ಖಾನೆ ಜಾಗ, ಗ್ಯಾರೇಜಿನ ಜಾಗ ಆಗಿದ್ದರೆ ನೆಲದ ಮಣ್ಣಿನಲ್ಲಿ ನೇರವಾಗಿ ತರಕಾರಿ ಬೆಳೆಯಬಾರದು. ಮಣ್ಣಿನ ಮಾದರಿ ಲ್ಯಾಬಿಗೆ ಕಳಿಸಿ; ಸೀಸದ ಅಂಶಕ್ಕೆ ಅಲ್ಲಿ ತರಕಾರಿ ತೋಟಗಳಿಗೆ ಇಟ್ಟುಕೊಂಡಿರುವ ಎಚ್ಚರಿಕೆಯ ಮಟ್ಟ ಕಿಲೋಗೆ 80 ಮಿಲಿಗ್ರಾಂ. ಹಳೆಯ ಊರುಗಳ ಮಣ್ಣು ಅದನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ಏರುಮಡಿ, ಅಂದರೆ ನೆಲದ ಮೇಲೆ ಚೌಕಟ್ಟು ಕಟ್ಟಿ ಹೊರಗಿನ ಮಣ್ಣು ತುಂಬಿದ ಮಡಿ. ಅಳತೆ: ಉದ್ದ 2.4 ಮೀಟರ್, ಅಗಲ 1.2, ಎತ್ತರ 45 ಸೆಂ.ಮೀ. ಅಗಲ 1.2ಕ್ಕಿಂತ ಹೆಚ್ಚಾದರೆ ಎರಡೂ ಕಡೆಯಿಂದ ಕೈ ಚಾಚಿದರೂ ನಡುವಿನ ಕಳೆ ಸಿಗುವುದಿಲ್ಲ. ಗಾಲಿಕುರ್ಚಿಯವರಿಗೆ ಒಂದಾದರೂ ಮಡಿ ಇನ್ನಷ್ಟು ಎತ್ತರವಿರಲಿ, ಪಕ್ಕದ ದಾರಿಯೂ 1.2 ಮೀಟರ್ ಇರಲಿ. ಪುಕ್ಕಟೆ ಸಿಗುತ್ತದೆಂದು ರೈಲಿನ ಹಳೆ ಸ್ಲೀಪರ್ ತರಬೇಡಿ. ಅದರಲ್ಲಿ ಮರ ಕೊಳೆಯದಂತೆ ಹಾಕುವ ಕ್ರಿಯೋಸೋಟ್ ಎಂಬ ವಿಷಕಾರಿ ಎಣ್ಣೆ ಇರುತ್ತದೆ, ಕೈ ತಾಗುವ ಕಡೆ, ತರಕಾರಿ ಬೆಳೆಯುವ ಕಡೆ ಅದು ಸಲ್ಲದು.

ಇಂಥ ಒಂದು ಮಡಿಗೆ ಸುಮಾರು 1.3 ಘನ ಮೀಟರ್ ಮಣ್ಣು ಹಿಡಿಯುತ್ತದೆ, ಅಂದರೆ ಲಾರಿಯಲ್ಲಿ ಬರುವ ದೊಡ್ಡ ಚೀಲ ಹತ್ತಿರ ಹತ್ತಿರ ಎರಡು. ಲಾರಿಯವನು ಚೀಲವನ್ನು ರಸ್ತೆ ಅಂಚಿನಲ್ಲಿ ಇಳಿಸಿ ಹೋಗುತ್ತಾನೆ, ಅಂಗಳದೊಳಗೆ ತರುವುದಿಲ್ಲ. ಆರು ಮಡಿಗೆ ಹತ್ತು ಟನ್ನಿಗೂ ಮಿಗಿಲು ಮಣ್ಣನ್ನು ಕೈಗಾಡಿಯಲ್ಲಿ ಒಳಗೆ ಹೊರುವವರು ಯಾರು ಎಂದು ಮೊದಲೇ ಹೆಸರು ಬರೆದುಕೊಳ್ಳಿ. ಮೊದಲ ವರ್ಷದಲ್ಲೇ ಮಣ್ಣು ಕುಗ್ಗುತ್ತದೆ. ಮರು ವಸಂತದಲ್ಲಿ ಮೇಲೆ ಹಾಕುವ ಗೊಬ್ಬರಕ್ಕೆ ಈಗಲೇ ದುಡ್ಡು ತೆಗೆದಿಡಿ. ಅಂಗಳ ಇರುವುದು ನೆಲಮಾಳಿಗೆಯ ಕಾರು ಗ್ಯಾರೇಜಿನ ತಾರಸಿಯ ಮೇಲೆ ಎಂದಾದರೆ ಇಷ್ಟಕ್ಕೇ ನಿಲ್ಲಿ. ನೆನೆದ ಮಣ್ಣು 45 ಸೆಂ.ಮೀ. ಎತ್ತರಕ್ಕೆ ಚದರ ಮೀಟರಿಗೆ 800 ಕಿಲೋದಷ್ಟು ಭಾರ ಹಾಕಬಲ್ಲದು. ಕಟ್ಟಡದ ಎಂಜಿನಿಯರ್ ಕಾಗದದ ಮೇಲೆ ಒಪ್ಪದೆ ಒಂದು ಬುಟ್ಟಿಯೂ ಸುರಿಯಬಾರದು.

ಈಗ ನಲ್ಲಿ. ಆರು ಮಡಿ ಸೇರಿ ಸುಮಾರು 17 ಚದರ ಮೀಟರ್. ಜುಲೈಯ ಒಣ ವಾರದಲ್ಲಿ 25 ಮಿ.ಮೀ. ಮಳೆಗೆ ಸಮನಾದ ನೀರು ಬೇಕೆಂದರೆ ವಾರಕ್ಕೆ 430 ಲೀಟರ್. ಯೋಜನೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ‘ಮಳೆನೀರಿನ ಪೀಪಾಯಿ, 1’. ಅದು ಹಿಡಿಯುವುದು 210 ಲೀಟರ್. ಮೂರೂವರೆ ದಿನಕ್ಕೆ ಖಾಲಿ, ಒಣ ವಾರದಲ್ಲಿ ತುಂಬುವ ಮಳೆಯೂ ಇಲ್ಲ. ಮೂರನೇ ಮಹಡಿಯ ಅಡುಗೆಮನೆಯಿಂದ 10 ಲೀಟರಿನ ಕ್ಯಾನು ಹೊತ್ತು ವಾರಕ್ಕೆ 43 ಸಲ ಇಳಿಯುವವರು ಎಷ್ಟು ದಿನ ಇಳಿದಾರು? ಆಗಸ್ಟಿನಲ್ಲಿ ಶಾಲೆಗೆ ರಜೆ, ಅರ್ಧ ಜನ ಊರಿಗೆ ಹೋಗಿರುತ್ತಾರೆ. ತೋಟ ಸಾಯುವುದು ಆ ತಿಂಗಳಲ್ಲೇ.

ಹಾಗಾಗಿ ಮಡಿಗಿಂತ ಮೊದಲು ನಲ್ಲಿ ಬರಬೇಕು. ಮುಖ್ಯ ಕೊಳವೆಯಿಂದ ಎಳೆದದ್ದು, ಕೀ ಹಾಕಿ ತಿರುಗಿಸುವಂಥದ್ದು. ಹೋಸ್ ಪೈಪಿನ ಕೊಳೆ ನೀರು ಕುಡಿಯುವ ನೀರಿನ ಕೊಳವೆಗೆ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಕೂಡಿಸಲೇಬೇಕು. ಯಾವ ದರ್ಜೆಯ ವಾಲ್ವ್ ಎಂದು ನೀರು ಕಂಪನಿಯನ್ನೇ ಕೇಳಿ. ಪ್ರತ್ಯೇಕ ಮೀಟರ್ ಇಡಿ, ಇಲ್ಲದಿದ್ದರೆ ತೋಟದ ನೀರಿನ ಬಿಲ್ಲು ಎಲ್ಲರ ಮೇಂಟೆನೆನ್ಸಿಗೆ ಸೇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಸಿಗಳಿಗೆ ಆಮೇಲೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ನವೆಂಬರಿನಲ್ಲಿ ಒಳಗಿನ ಸ್ಟಾಪ್ ವಾಲ್ವ್ ಮುಚ್ಚಿ ಕೊಳವೆಯ ನೀರು ಬಸಿಯಬೇಕು. ಮರೆತರೆ ಹೆಪ್ಪುಗಟ್ಟಿ ಒಡೆಯುತ್ತದೆ. ಬಳಸದೆ ನಿಂತ ನೀರಿನಲ್ಲಿ ಶ್ವಾಸಕೋಶದ ಕಾಯಿಲೆ ತರುವ ಲೀಜನೆಲ್ಲಾ ಬ್ಯಾಕ್ಟೀರಿಯ ಬೆಳೆಯುವ ಭಯವೂ ಇದೆ. ಆದ್ದರಿಂದ ಈ ನಲ್ಲಿ ಸಂಸ್ಥೆಯ ನೀರು ಸುರಕ್ಷತೆಯ ಪಟ್ಟಿಗೆ ಸೇರಬೇಕು. ಸೇರದಿದ್ದರೆ ತಪಾಸಣೆಗೆ ಬಂದವರು ಕಂಡ ಕೂಡಲೇ ಮುಚ್ಚಿಸುತ್ತಾರೆ, ಅದೂ ನಡು ಬೇಸಿಗೆಯಲ್ಲಿ.

ಬೀಗದ ಕೈ ಸಣ್ಣ ವಿಷಯದಂತೆ ಕಾಣುತ್ತದೆ. ಸಾಮಾನಿನ ಶೆಡ್ಡಿನ ಕೀ ಕೇರ್‌ಟೇಕರ್ ಬಳಿ; ಅವರ ಕೆಲಸ ಶುಕ್ರವಾರ ಸಂಜೆಗೆ ಮುಗಿಯುತ್ತದೆ; ಜನರಿಗೆ ಬಿಡುವು ಶನಿವಾರ. ಸನಿಕೆ ಒಳಗೆ, ಜನ ಹೊರಗೆ. ಕೀ ಬದಲು ನಂಬರಿನ ಬೀಗ ಹಾಕಿ, ನಂಬರನ್ನು ವರ್ಷಕ್ಕೆರಡು ಸಲ ಬದಲಿಸಿ, ಮುಂದಾಳು ಮನೆ ಬಿಟ್ಟು ಹೋದ ದಿನವೇ ಒಮ್ಮೆ. ಸಭಾಕೋಣೆಗೂ ಇದೇ ಮಾತು: ಪ್ರತಿ ಸಲ ಹತ್ತು ದಿನ ಮುಂಚೆ ಫಾರಂ ತುಂಬಿಸಿಕೊಳ್ಳುವ ಸಂಸ್ಥೆ ಜನರನ್ನು ನಂಬುವುದಿಲ್ಲ ಎಂದೇ ಅರ್ಥ, ಗೋಡೆಯ ಮೇಲಿನ ಪೋಸ್ಟರ್ ಏನೇ ಹೇಳಲಿ.

ಹುಲ್ಲಿನ ಗುತ್ತಿಗೆಯಲ್ಲಿ ಆಗುವ ಅನಾಹುತ ಇನ್ನೂ ಸಲೀಸು. ಗುತ್ತಿಗೆದಾರರ ಹುಡುಗರು ಮಾರ್ಚಿಯಿಂದ ಅಕ್ಟೋಬರ್‌ವರೆಗೆ ನಕ್ಷೆ ಹಿಡಿದು ಬರುತ್ತಾರೆ. ನಕ್ಷೆಯಲ್ಲಿ ‘ಹುಲ್ಲು’ ಎಂದಿದ್ದರೆ ಮಕ್ಕಳು ನೆಟ್ಟ ಡ್ಯಾಫೊಡಿಲ್ ಹೂಗಿಡ ಕೂಡ ಹುಲ್ಲೇ. ಎಳೆಯ ಹಣ್ಣಿನ ಗಿಡದ ಬುಡಕ್ಕೆ ಕಟರ್‌ನ ನೈಲಾನ್ ದಾರ ಸುತ್ತ ತಗುಲಿತೆಂದರೆ ತೊಗಟೆ ಸುಲಿದು ಗಿಡ ಒಣಗುತ್ತದೆ. ದಾರಿಯಂಚಿಗೆ ಹೊಡೆಯುವ ಕಳೆನಾಶಕ ಗಾಳಿಗೆ ಮಡಿಯ ಮೇಲೂ ಬೀಳುತ್ತದೆ. ಫಲಕ ನೆಟ್ಟರೆ ಸಾಲದು. ಗುತ್ತಿಗೆಯ ನಕ್ಷೆಯಲ್ಲೇ ಆ ಜಾಗಕ್ಕೆ ಗೆರೆ ಹಾಕಿಸಿ ಲಿಖಿತ ಬದಲಾವಣೆ ಆದೇಶ ಹೊರಡಿಸಬೇಕು, ದಾರಿಯಂಚಿನ ಸಿಂಪಡಣೆ ಎಷ್ಟು ದೂರದಲ್ಲಿ ನಿಲ್ಲಬೇಕೆಂದೂ ಅದರಲ್ಲಿರಬೇಕು. ಜಾಗ ಕಳೆದ ಮಾತ್ರಕ್ಕೆ ಬಿಲ್ಲು ತಾನಾಗಿ ಇಳಿಯುವುದಿಲ್ಲ, ಕೇಳಿ ಇಳಿಸಿಕೊಳ್ಳಬೇಕು. ನಿವಾಸಿಗಳ ಗುಂಪು ಚದುರಿದರೆ ಜಾಗ ಮತ್ತೆ ಗುತ್ತಿಗೆಗೆ ಮರಳುವ ಬಗೆಯೂ ಅಲ್ಲೇ ಬರೆದಿರಲಿ.

ದುಡ್ಡಿನಲ್ಲಿ ಎರಡು ಹಳ್ಳಗಳಿವೆ. ಒಂದು, ಎಸ್ಟೇಟಿನಲ್ಲಿ ಎಲ್ಲರೂ ಬಾಡಿಗೆದಾರರಲ್ಲ. ಬಾಡಿಗೆದಾರರಿಗೆ ತಾವಿದ್ದ ಮನೆ ಕೊಳ್ಳುವ ಹಕ್ಕು ಕೊಟ್ಟ 1980ರ ವಸತಿ ಕಾಯ್ದೆಯಡಿ ಮನೆ ಕೊಂಡವರು, ಅವರಿಂದ ಕೊಂಡವರು ಲೀಸ್‌ದಾರರಾಗಿ (ಮನೆ ದೀರ್ಘಾವಧಿಗೆ ಅವರದು, ಕಟ್ಟಡ ಸಂಸ್ಥೆಯದೇ) ಅದೇ ಮೆಟ್ಟಿಲು ಹತ್ತುತ್ತಾರೆ. ಕಟ್ಟಡದ ಕೆಲಸದಿಂದ ಒಬ್ಬ ಲೀಸ್‌ದಾರರ ಪಾಲಿಗೆ 250 ಪೌಂಡಿಗಿಂತ ಹೆಚ್ಚು ಬೀಳುವುದಾದರೆ, ಅಥವಾ ಒಂದು ವರ್ಷಕ್ಕಿಂತ ದೀರ್ಘ ಗುತ್ತಿಗೆಯಿಂದ ವರ್ಷಕ್ಕೆ 100 ಪೌಂಡಿಗಿಂತ ಹೆಚ್ಚು ಬೀಳುವುದಾದರೆ, ವಿಧಿವತ್ತಾಗಿ ನೋಟಿಸ್ ಕೊಟ್ಟು ಕೇಳಬೇಕು; ಕೇಳದಿದ್ದರೆ ವಸೂಲಿ ಆ ಮಿತಿಗೇ ನಿಲ್ಲುತ್ತದೆ. ಇನ್ನೊಂದು, ‘ನೀವು ಕೊಂಡು ತನ್ನಿ, ರಸೀದಿ ಕೊಡಿ, ಹಣ ಹಾಕುತ್ತೇವೆ’ ಎಂಬ ಪದ್ಧತಿ. ಸರ್ಕಾರಿ ನೆರವಿನಲ್ಲಿ ತಿಂಗಳು ತಳ್ಳುವವರು 60 ಪೌಂಡು ಮುಂಗಡ ಹಾಕಿ ಆರು ವಾರ ಕಾಯಲಾರರು. ಒಮ್ಮೆ ಹಾಗಾದವರು ಮತ್ತೆ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಅಂಗಡಿಗೆ ಸಂಸ್ಥೆಯೇ ನೇರವಾಗಿ ದುಡ್ಡು ಕೊಡಲಿ. ಬಸ್ ಚಾರ್ಜು, ಮಗು ನೋಡಿಕೊಂಡವರ ಖರ್ಚು ರಸೀದಿಯ ಮೇಲೆ ಕೊಟ್ಟರೆ ತೊಂದರೆಯಿಲ್ಲ. ‘ಉಪಕಾರಸ್ಮರಣೆ’ ಎಂದು ಇಡಿಗಂಟು ಕೊಟ್ಟರೆ ಅದು ಆದಾಯವೆಂದು ಎಣಿಕೆಯಾಗಿ ಅವರ ನೆರವಿಗೇ ಕತ್ತರಿ ಬೀಳಬಹುದು.

ಕೇಳಿದ ಮೇಲೆ ಉತ್ತರ ಕೊಡಬೇಕು, ಎರಡು ವಾರದೊಳಗೆ, ಲಿಫ್ಟಿನ ಪಕ್ಕದ ಫಲಕದಲ್ಲಿ. ಜನ ಕೇಳಿದ್ದೇನು, ಆಗುವುದು ಯಾವುದು ಮತ್ತು ಯಾವಾಗ, ಆಗದಿರುವುದು ಯಾವುದು ಮತ್ತು ಯಾಕೆ. ಮೂರನೆಯದನ್ನು ಬರೆಯಲು ಕಚೇರಿಗಳು ಅಂಜುತ್ತವೆ. ಅಂಜಬೇಕಿಲ್ಲ: ‘ಸೈಕಲ್ ಶೆಡ್ ಈ ವರ್ಷ ಇಲ್ಲ, ಅದರಡಿ ಗ್ಯಾಸ್ ಕೊಳವೆ ಇದೆ’ ಎಂದರೆ ಜನ ಒಪ್ಪುತ್ತಾರೆ. ‘ಪರಿಶೀಲನೆಯಲ್ಲಿದೆ’ ಎಂಬುದನ್ನು ಯಾರೂ ಒಪ್ಪುವುದಿಲ್ಲ, ಇಂಗ್ಲೆಂಡಿನಲ್ಲೂ.

ನಮ್ಮಲ್ಲಿ ಕೊಳೆಗೇರಿ ಮಂಡಳಿ ಕಟ್ಟಿಸಿದ ಮನೆಗಳ ಸ್ಥಿತಿ ಬೇರೆ. ಅಲ್ಲಿ ಹಕ್ಕುಪತ್ರ ಸಿಕ್ಕವರು ಬಾಡಿಗೆದಾರರಲ್ಲ, ಹಾಗಾಗಿ ಮೆಟ್ಟಿಲಿನ ದೀಪಕ್ಕೆ, ಸಂಪಿನ ಮೋಟಾರಿಗೆ ಹೊಣೆ ಕೇಳಲು ಎದುರಿಗೊಬ್ಬ ಮಾಲೀಕ ಇರುವುದಿಲ್ಲ. ಅಂಥ ಕಡೆ ನಿವಾಸಿಗಳ ಸಂಘ ಕಟ್ಟುವವರು ಮೊದಲ ಸಭೆಯಲ್ಲೇ ಗೊತ್ತುಮಾಡಿಕೊಳ್ಳಬೇಕಾದದ್ದು ಮೋಟಾರಿನ ಕರೆಂಟ್ ಬಿಲ್ಲು ಯಾರ ಹೆಸರಿಗೆ ಬರುತ್ತದೆ, ಪಂಪ್ ಕೋಣೆಯ ಕೀ ಯಾರ ಮನೆಯಲ್ಲಿದೆ, ಅವರು ಊರಿಗೆ ಹೋದರೆ ಯಾರ ಮನೆಗೆ ಹೋಗುತ್ತದೆ ಎಂಬುದನ್ನು.