ಪರಾಗ ತಾನಾಗಿ ಇಳಿಯುತ್ತದೆ, ಪೊರಕೆ ಮತ್ತೆ ಎಬ್ಬಿಸುತ್ತದೆ

ಮಳೆ ಹಿಂದಾಗಿ ಖಾಲಿ ಸೈಟುಗಳಲ್ಲಿ ಹುಲ್ಲು ತೆನೆಬಿಟ್ಟಿತೆಂದರೆ ಸೀನು ಶುರು. ಬೈಗುಳ ಮಾತ್ರ ರಸ್ತೆಬದಿಯ ಹೂಮರಗಳಿಗೆ! ಜೇನ್ನೊಣ ಕರೆಯಲು ಬಣ್ಣ ತೊಟ್ಟ ಹೂವಿನ ಪರಾಗ ಅಂಟಂಟು, ಗಾಳಿಗೆ ಅಷ್ಟಾಗಿ ಹಾರದು. ಗಾಳಿಯನ್ನೇ ನೆಚ್ಚಿಕೊಂಡದ್ದು ಗರಿಕೆಯಂಥ ಹುಲ್ಲು. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೂಗಿನ ಮೇಲೇ ಪ್ರಯೋಗ ಮಾಡಿಕೊಂಡು ಸೀನಿಗೆ ಹುಲ್ಲಿನ ಪರಾಗವೇ ಕಾರಣವೆಂದು 1873ರಲ್ಲೇ ಬರೆದಿಟ್ಟ. ಗಾಳಿಪಟಕ್ಕೆ ಅಂಟುಗಾಜು ಕಟ್ಟಿ ಮೇಲಿನ ಗಾಳಿಯಲ್ಲೂ ಪರಾಗ ಹಿಡಿದಿದ್ದ ಪುಣ್ಯಾತ್ಮ.

ಮನೆಯೊಳಗಿನ ಲೆಕ್ಕವೆಲ್ಲ ಕಣದ ಗಾತ್ರದ್ದು. ಹುಲ್ಲಿನ ಪರಾಗ ಸುಮಾರು 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ನಿಂತ ಗಾಳಿಯಲ್ಲಿ ಅದು ಸೆಕೆಂಡಿಗೆ ಎರಡೂವರೆ ಸೆಂಟಿಮೀಟರಿನಷ್ಟು ಇಳಿಯುತ್ತದೆ. ಮೂಗಿನ ಎತ್ತರದಿಂದ ನೆಲಕ್ಕೆ ಒಂದೇ ನಿಮಿಷ. ಇಳಿಯುವ ವೇಗ ವ್ಯಾಸದ ವರ್ಗಕ್ಕೆ ತಕ್ಕಂತೆ. ಹಾಗಾಗಿ 1 ಮೈಕ್ರಾನಿನ ಕಣ 900 ಪಟ್ಟು ನಿಧಾನ: ಅದೇ ಎತ್ತರ ಇಳಿಯಲು ಅರ್ಧ ದಿನಕ್ಕೂ ಹೆಚ್ಚು, ಫ್ಯಾನ್ ತಿರುಗುತ್ತಿದ್ದರೆ ಇನ್ನೂ ತಡ. ಅಷ್ಟು ಸಣ್ಣ ಕಣ ಎಲ್ಲಿಂದ ಬಂತು? ಪರಾಗದ ಒಳಗಿಂದಲೇ. ಮಳೆನೀರು ತಾಗಿದರೆ ಅದು ಒಡೆದು ನೂರಾರು ಪಿಷ್ಟದ ಹರಳು ಚೆಲ್ಲುತ್ತದೆ, ಇವು ಶ್ವಾಸಕೋಶದ ಆಳಕ್ಕೇ ಹೋಗುತ್ತವೆ. 2016ರ ನವೆಂಬರ್ 21ರ ಸಂಜೆ ಮೆಲ್ಬರ್ನಿನಲ್ಲಿ ಗುಡುಗುಮಳೆಯ ಹಿಂದೆಯೇ ಸಾವಿರಾರು ಜನ ಉಸಿರಾಡಲಾಗದೆ ಆಸ್ಪತ್ರೆಗೆ ಓಡಿದರು, ಹತ್ತು ಮಂದಿ ಸತ್ತರು. ರೈ ಎಂಬ ಮೇವಿನ ಹುಲ್ಲಿನ ಪರಾಗದ ಕಾಲದಲ್ಲಿ, ಗುಡುಗು ಶುರುವಾಗುವ ಮೊದಲೇ ಕಿಟಕಿ ಮುಚ್ಚಬೇಕು ಎನ್ನುವುದು ಇದಕ್ಕೇ.

ಒಡೆಯದ ಪರಾಗ ನೆಲದಲ್ಲಿದೆ, ಹಾಸಿಗೆಯಲ್ಲಿದೆ, ತಲೆಗೂದಲಲ್ಲಿದೆ. ಅದಕ್ಕೆ ಯಂತ್ರ ಬೇಡ, ಒದ್ದೆ ಬಟ್ಟೆ ಸಾಕು. ನಮ್ಮಲ್ಲಿ ಮೊದಲು ಗುಡಿಸಿ ಆಮೇಲೆ ಒರೆಸುವ ಪದ್ಧತಿ. ಒಣ ಪೊರಕೆ ಇಳಿದದ್ದನ್ನು ಮತ್ತೆ ಮೂಗಿಗೆ ಏರಿಸುತ್ತದೆ. (ಹೊಸ ಹೂಪೊರಕೆ ಉದುರಿಸುವ ಪುಡಿಯೂ ಒಂದು ಹುಲ್ಲಿನ ಹೂಗೊಂಚಲಿನದೇ.) ಸೀನಿನ ಕಾಲದಲ್ಲಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಮೊದಲು ಒರೆಸಿ, ಕೋಣೆಗೊಮ್ಮೆ ನೀರು ಬದಲಿಸಿ. ಒದ್ದೆಯಾದ ಪರಾಗ ನಿಮಿಷಗಳಲ್ಲೇ ಅಲರ್ಜಿ ತರುವ ಪ್ರೋಟೀನು ಬಿಡುತ್ತದೆ. ಅದೇ ನೀರಲ್ಲಿ ಮನೆಯೆಲ್ಲ ಒರೆಸಿದರೆ ಅಲರ್ಜಿಯನ್ನೇ ನೆಲಕ್ಕೆ ಬಳಿದಂತೆ. ಫ್ಯಾನಿನ ರೆಕ್ಕೆಗೆ ಹಳೆ ದಿಂಬಿನ ಕವರು ತೊಡಿಸಿ ಎಳೆದರೆ ಧೂಳು ಅದರೊಳಗೇ ಉಳಿಯುತ್ತದೆ. ತಲೆಸ್ನಾನ ಬೆಳಿಗ್ಗೆಯ ಬದಲು ರಾತ್ರಿ. ದಿಂಬಿನ ಕವರು, ಬೆಡ್‌ಶೀಟುಗಳನ್ನು ತಾರಸಿಯಲ್ಲಿ ಒಣಗಿಸಬೇಡಿ, ಪರಾಗ ಬಂದು ಕೂರುತ್ತದೆ. ಬಿಸಿಲಿಗೆ ಪರಾಗದ ಪ್ರೋಟೀನು ಸಾಯುವುದಿಲ್ಲ. ವಾರಕ್ಕೊಮ್ಮೆ 60 ಡಿಗ್ರಿ ನೀರಲ್ಲಿ ಒಗೆದರೆ ಧೂಳುನುಸಿಯೂ ಹೋಗುತ್ತದೆ.

ಏರ್ ಪ್ಯೂರಿಫೈಯರ್ ಬೇಕಾಗುವುದು ತೇಲುವ ಚೂರುಗಳಿಗೆ. ಸಾಂಬ್ರಾಣಿ ಗಾಳಿ ಶುದ್ಧಿ ಮಾಡುತ್ತದೆಂಬುದು ಬರೀ ನಂಬಿಕೆ. ಆ ಹೊಗೆಯೂ ಇಂಥದ್ದೇ ಸಣ್ಣ ಕಣ. 12×10 ಅಡಿ ಕೋಣೆಗೆ, 10 ಅಡಿ ಎತ್ತರವಿದ್ದರೆ, ಸುಮಾರು 34 ಘನಮೀಟರ್ ಗಾಳಿ. ಗಂಟೆಗೆ ಐದು ಸಲ ಸೋಸಲು ಗಂಟೆಗೆ 170 ಘನಮೀಟರ್ ಸಿಎಡಿಆರ್ (ಯಂತ್ರ ಸೋಸಿ ಕೊಡುವ ಶುದ್ಧ ಗಾಳಿಯ ಪ್ರಮಾಣ) ಇರುವ ಯಂತ್ರ ಬೇಕು. ಮಲಗುವ ಕೋಣೆಯಲ್ಲಿಡಿ, ಬಾಗಿಲು ಮುಚ್ಚಿಡಿ. ಹೊರಗಿನ ಜಾಲರಿ ತೊಳೆಯಬಹುದು. ಒಳಗಿನ ಮಡಿಕೆ ಮಡಿಕೆಯ ಹೆಪಾ ಫಿಲ್ಟರಿಗೆ (ಸಣ್ಣ ಕಣ ಹಿಡಿಯುವ ಎಳೆಗಳ ಸೋಸುಕ), ತೊಳೆಯಬಹುದೆಂದು ಕಂಪನಿಯೇ ಬರೆದಿರದಿದ್ದರೆ, ನೀರು ತಾಗಿಸಲೇಬೇಡಿ. ನೆಂದರೆ ಎಳೆ ಕೆಟ್ಟು ಗಾಳಿ ಸೋಸದೆ ನುಸುಳುತ್ತದೆ.