ಮೆಥನಾಲ್ ಕಂಡ ಮಾತ್ರಕ್ಕೆ ನಕ್ಷತ್ರದ ವಯಸ್ಸು ಸಿಗದು

ಸೂರ್ಯನ 8 ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿಯ ನಕ್ಷತ್ರಗಳು ದೂಳು ತುಂಬಿದ ಮೋಡದೊಳಗೇ ಹುಟ್ಟಿ ಅಲ್ಲೇ ಉರಿಯತೊಡಗುತ್ತವೆ. ಒಳಗಿನ ಸುದ್ದಿ ನಮಗೆ ತಲುಪುವುದು ಹೆಚ್ಚಾಗಿ ಅಣುಗಳ ರೇಡಿಯೊ ರೇಖೆಗಳಿಂದ, ಅಂದರೆ ಪ್ರತಿ ಅಣು ತನ್ನದೇ ಆವರ್ತನಗಳಲ್ಲಿ ಸೂಸುವ ರೇಡಿಯೊ ಅಲೆಗಳಿಂದ.

ಮೋಡ 10ರಿಂದ 20 ಕೆಲ್ವಿನ್‌ನಲ್ಲಿ ಇರುವಾಗ ಕಾರ್ಬನ್ ಮಾನಾಕ್ಸೈಡ್ ದೂಳಿನ ಕಣಗಳ ಮೇಲೆ ಹಿಮಗಟ್ಟುತ್ತದೆ. ಅದಕ್ಕೆ ಹೈಡ್ರೋಜನ್ ಪರಮಾಣುಗಳು ಒಂದೊಂದಾಗಿ ಸೇರಿ ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಮೆಥನಾಲ್ ಆಗುತ್ತದೆ. ಅನಿಲದಲ್ಲಿ ಈ ಕೆಲಸ ಸಾಗುವುದೇ ಇಲ್ಲ ಎನ್ನಬಹುದು. ನಕ್ಷತ್ರ ಕಾಯಿಸಿದಂತೆ ಸುಮಾರು 20 ಕೆಲ್ವಿನ್‌ಗೆ ಕಾರ್ಬನ್ ಮಾನಾಕ್ಸೈಡ್ ಹಾರುತ್ತದೆ, 100 ಕೆಲ್ವಿನ್ ದಾಟಿದರೆ ನೀರು, ಮೆಥನಾಲ್ ಎಲ್ಲವೂ. ಈ ಘಟ್ಟವೇ 'ಹಾಟ್ ಕೋರ್'.

ಆದರೆ ಅನಿಲದಲ್ಲಿ ಮೆಥನಾಲ್ ಕಂಡದ್ದನ್ನೇ ನಕ್ಷತ್ರದ ವಯಸ್ಸು ಹೇಳುವ ಗಡಿಯಾರವೆಂದು ನಂಬುವುದು ಅವಸರ. ಸುಮಾರು 1,350 ಜ್ಯೋತಿರ್ವರ್ಷ ದೂರದ, ನಕ್ಷತ್ರಗಳು ಹುಟ್ಟುತ್ತಿರುವ ಓರಿಯನ್ ಕೆಎಲ್ ಮೋಡದಲ್ಲಿ, ನಮ್ಮ ದೃಷ್ಟಿರೇಖೆಯಲ್ಲಿ ಸೆಕೆಂಡಿಗೆ ಸುಮಾರು 5 ಕಿ.ಮೀ. ವೇಗದಲ್ಲಿ ಚಲಿಸುವ ಅನಿಲದಲ್ಲಿ ಈಥೈಲ್ ಸಯನೈಡ್‌ನಂಥ ಸಾರಜನಕದ ಅಣುಗಳು ಜೋರು. ಪಕ್ಕದಲ್ಲೇ, ಸುಮಾರು 8 ಕಿ.ಮೀ. ವೇಗದ ಅನಿಲದಲ್ಲಿ, ಮೀಥೈಲ್ ಫಾರ್ಮೇಟ್‌ನಂಥ ಆಮ್ಲಜನಕದವು. ಒಂದೇ ಮೋಡ, ಎರಡು ಅಡುಗೆ.

ಹಾಗಾಗಿ ಮೊದಲು ತಾಪ ಅಳೆಯಬೇಕು. ಅದಕ್ಕೆ ಮೀಥೈಲ್ ಸಯನೈಡ್ ಒಳ್ಳೆಯದು. 220.7 ಗಿಗಾಹರ್ಟ್ಸ್ ಬಳಿ ಅದರ ರೇಖೆಗಳು ಏಣಿಯಂತೆ ಸಾಲಾಗಿ ಸಿಗುತ್ತವೆ. ಅಣು ತನ್ನ ಅಕ್ಷದ ಸುತ್ತ ತಿರುಗುವ ಬಗೆಯನ್ನು ಹೇಳುವ 'ಕೆ' ಎಂಬ ಸಂಖ್ಯೆಯಿಂದ ಅವನ್ನು ಗುರುತಿಸುತ್ತಾರೆ, ಶಕ್ತಿಯನ್ನೂ ಕೆಲ್ವಿನ್‌ನಲ್ಲೇ ಹೇಳುತ್ತಾರೆ: ಕೆ=0ಕ್ಕೆ ಮೇಲಿನ ಮಟ್ಟದ ಶಕ್ತಿ 69 ಕೆಲ್ವಿನ್, ಕೆ=3ಕ್ಕೆ 133, ಕೆ=6ಕ್ಕೆ 326. ಪ್ರತಿ ಮಟ್ಟದ ಅಣುಸಂಖ್ಯೆಯನ್ನು ಅದರ ತೂಕಾಂಕದಿಂದ (ಆ ಮಟ್ಟದಲ್ಲಿ ಅಣು ಇರಬಹುದಾದ ಸ್ಥಿತಿಗಳ ಸಂಖ್ಯೆ) ಭಾಗಿಸಿ, ಲಾಗರಿದಮ್ ತೆಗೆದು, ಶಕ್ತಿಗೆ ಎದುರಾಗಿ ಗುರುತಿಸಿದರೆ ಗೆರೆಯ ಇಳಿಜಾರು ತಾಪ ಹೇಳುತ್ತದೆ. ಕೆ=3 ಮತ್ತು 6ರ ತೂಕಾಂಕ ದುಪ್ಪಟ್ಟು; ಮರೆತರೆ ಆ ಎರಡು ಚುಕ್ಕಿ ಗೆರೆಯಿಂದ ಮೇಲೆ ಎದ್ದು ನಿಲ್ಲುತ್ತವೆ.

ದೊಡ್ಡ ಮೋಸ ಬೇರೆ ಇದೆ. ಕೆಳಗಿನ ರೇಖೆಗಳು ಅಪಾರದರ್ಶಕವಾದರೆ ಅಲ್ಲಿ ಅಣು ಕಡಿಮೆಯೆಂದು ತೋರುತ್ತದೆ, ಇಳಿಜಾರು ಸಪಾಟಾಗುತ್ತದೆ, ತಾಪ ಇಲ್ಲದಷ್ಟು ಏರುತ್ತದೆ. ಕಾರ್ಬನ್-13 ಇರುವ ಅಣುವಿನ ರೇಖೆ ನೋಡಿ: ಸೂರ್ಯನ ನೆರೆಹೊರೆಯಲ್ಲಿ ಅದು 60–70 ಪಟ್ಟು ಕ್ಷೀಣವಿರಬೇಕು. ಐದೇ ಪಟ್ಟು ಕ್ಷೀಣವಿದ್ದರೆ ಮುಖ್ಯ ರೇಖೆಯನ್ನು ಬಿಟ್ಟು ಇದರಲ್ಲೇ ಲೆಕ್ಕ ಹಾಕುವುದು ಮೇಲು.

ಇಷ್ಟಾದರೂ ತಾಪದಿಂದ ನೇರವಾಗಿ ವಯಸ್ಸಿಗೆ ಜಿಗಿಯಲಾಗದು. ಸುಮಾರು 20 ಸೂರ್ಯರ ದ್ರವ್ಯರಾಶಿಯ, ಇನ್ನೂ ರೂಪುಗೊಳ್ಳುತ್ತಿರುವ ಎಸ್255 ಎನ್‌ಐಆರ್‌ಎಸ್3 ಎಂಬ ನಕ್ಷತ್ರ 2015ರಲ್ಲಿ ಒಮ್ಮೆಗೇ ಹೆಚ್ಚು ಅನಿಲ ನುಂಗಿ ಉಜ್ವಲವಾಯಿತು, ಅದರ 6.7 ಗಿಗಾಹರ್ಟ್ಸ್ ಮೆಥನಾಲ್ ಮೇಸರ್ (ಲೇಸರ್‌ನಂತೆ ವರ್ಧಿತವಾದ ಸೂಕ್ಷ್ಮತರಂಗ ಸೂಸುವಿಕೆ) ಕೂಡ ಭುಗಿಲೆದ್ದಿತು. ಇಂಥ ಸ್ಫೋಟದಲ್ಲಿ ದೂರದ ಹಿಮವೂ ಆವಿಯಾಗುತ್ತದೆ. ದೂಳು ಬೇಗ ತಣಿದರೂ, ಘನ ಸೆಂಟಿಮೀಟರಿಗೆ 1 ಕೋಟಿ ಹೈಡ್ರೋಜನ್ ಅಣುಗಳಿರುವಲ್ಲಿ ಆವಿ ಮತ್ತೆ ಹಿಮಗಟ್ಟಲು ನೂರು ವರ್ಷದ ಆಸುಪಾಸು ಬೇಕು. ಈಗಿನ ಬೆಳಕಿನ ಲೆಕ್ಕಕ್ಕೆ ಹೊಂದದಷ್ಟು ದೂರದವರೆಗೆ ಮೆಥನಾಲ್ ಹರಡಿದ್ದರೆ, ಹಿಂದೊಮ್ಮೆ ಇಂಥದ್ದು ನಡೆದಿರಬಹುದೇ ಎಂದು ಮೊದಲು ಪರೀಕ್ಷಿಸಬೇಕು.